ಟಿಲ್ಲರ್ ಟ್ರೇಲರ್: ಇಳಿಜಾರಿನಲ್ಲಿ ಎಡ ಹಿಡಿದರೆ ಬಲಕ್ಕೆ!

ಟಿಲ್ಲರಿನ ಎಂಜಿನಿಗೆ ಆಯಿಲ್ ಬದಲಾಯಿಸಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಕೃಷಿಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಹತ್ತಿರವೇ ಕೇಳಿ ನೋಡಿ, "ಟ್ರೇಲರಿನ ಬೇರಿಂಗಿಗೆ ಗ್ರೀಸ್ ಹಾಕಿದ್ದು ಯಾವಾಗ?" ಅಂತ. ಹೆಚ್ಚಿನವರು ನಗುತ್ತಾರೆ. ಟ್ರೇಲರ್ ಅಂದರೆ ಎರಡು ಚಕ್ರದ ಪೆಟ್ಟಿಗೆ, ಅದಕ್ಕೆಂಥ ಆರೈಕೆ ಎಂಬ ಭಾವನೆ. ಆದರೆ ಟಿಲ್ಲರಿನಿಂದ ಆಗುವ ದೊಡ್ಡ ಅನಾಹುತಗಳು ಗದ್ದೆಯಲ್ಲಿ ಉಳುವಾಗ ಆಗುವುದಕ್ಕಿಂತ ಟ್ರೇಲರ್ ಕಟ್ಟಿಕೊಂಡು ಗುಡ್ಡ ಇಳಿಯುವಾಗ ಆಗುವುದೇ ಜಾಸ್ತಿ ಎಂಬುದು ನನ್ನ ಅಂದಾಜು. ಮಲೆನಾಡು, ಕರಾವಳಿಯವರಿಗೆ ಮನೆಯಿಂದ ತೋಟಕ್ಕೆ ಇಳಿಯದೆ ದಿನ ಕಳೆಯುವುದಿಲ್ಲ. ಆದ್ದರಿಂದ ಈ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಗದ್ದೆಯ ಯಂತ್ರ, ರಸ್ತೆಗೆ ಬಂತು

ಮೂಲದಲ್ಲಿ ಪವರ್ ಟಿಲ್ಲರ್ ಜಪಾನಿನ ಸಣ್ಣ ಗದ್ದೆಗಳಿಗೆ ಹೊಂದಿಕೊಂಡ ಯಂತ್ರ. ನಮ್ಮಲ್ಲಿ ಬೆಂಗಳೂರಿನ ವಿ.ಎಸ್.ಟಿ. ಕಂಪೆನಿ 1967ರಲ್ಲಿ ಶುರುವಾಗಿ ಮಿತ್ಸುಬಿಷಿಯ ಸಹಯೋಗದಲ್ಲಿ ಟಿಲ್ಲರ್ ಮಾಡಿತು. ಕೇರಳ ಸರಕಾರದ ಕಾಮ್ಕೊ 1973ರಲ್ಲಿ ಸ್ಥಾಪನೆಯಾಗಿ ಕುಬೋಟ ಮಾದರಿಯನ್ನು ತಯಾರಿಸಿತು. ಎರಡೂ ಕೆಸರಿನಲ್ಲಿ ಚೆನ್ನಾಗಿ ತಿರುಗುವಂಥವು. ಹೇಗೆ ತಿರುಗುತ್ತವೆ? ಹ್ಯಾಂಡಲಿನ ಎರಡೂ ಬದಿಗೆ ಒಂದೊಂದು ಸೈಡ್ ಕ್ಲಚ್ ಉಂಟು. ಎಡದ್ದನ್ನು ಹಿಡಿದರೆ ಎಡ ಚಕ್ರಕ್ಕೆ ಎಂಜಿನಿನ ಸಂಬಂಧ ಕಡಿದುಹೋಗುತ್ತದೆ. ಬಲ ಚಕ್ರ ಮಾತ್ರ ಮುಂದೆ ತಳ್ಳುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಗದ್ದೆಯಲ್ಲಿ ಇದರಷ್ಟು ಸುಲಭ ಬೇರೆ ಇಲ್ಲ.

ಇದಕ್ಕೆ ಹಿಂದಿನಿಂದ ಟ್ರೇಲರ್ ಕಟ್ಟಿ ಕಲ್ಲು, ಹೊಯಿಗೆ, ಗೊಬ್ಬರ ಹೇರಿದ್ದು ನಾವು. ಸಮತಟ್ಟಿನಲ್ಲಿ ಏನೂ ತೊಂದರೆ ಇಲ್ಲ. ಏರಿನಲ್ಲೂ ಇಲ್ಲ. ಇಳಿಜಾರಿಗೆ ಬಂದ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ.

ಇಳಿಯುವಾಗ ಎಂಜಿನ್ ಎಳೆಯುವುದಿಲ್ಲ, ತಡೆಯುತ್ತದೆ. ಹಿಂದಿನ ಹೇರು ಟಿಲ್ಲರನ್ನು ದೂಡುತ್ತಾ ಇರುತ್ತದೆ, ಎಂಜಿನ್ ಗೇರಿನ ಮೂಲಕ ಎರಡೂ ಚಕ್ರಗಳನ್ನು ಹಿಡಿದುಕೊಂಡಿರುತ್ತದೆ. ಈಗ ಎಡಕ್ಕೆ ತಿರುಗಬೇಕೆಂದು ಎಡ ಕ್ಲಚ್ ಹಿಡಿದಿರಿ ಅಂತಿಟ್ಟುಕೊಳ್ಳಿ. ಎಡ ಚಕ್ರದ ಹಿಡಿತ ಬಿಟ್ಟುಹೋಯಿತು. ಅದು ಬಿಟ್ಟ ದನದ ಹಾಗೆ ಓಡುತ್ತದೆ. ಬಲ ಚಕ್ರವನ್ನು ಎಂಜಿನ್ ಇನ್ನೂ ಹಿಡಿದೇ ಉಂಟು. ಎಡ ಮುಂದೆ, ಬಲ ಹಿಂದೆ. ಅಂದರೆ ಟಿಲ್ಲರ್ ಬಲಕ್ಕೆ ತಿರುಗಿತು! ಎಡಕ್ಕೆ ಧರೆ, ಬಲಕ್ಕೆ ಕಮರಿ ಇರುವ ತಿರುವಿನಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾಬರಿಯಲ್ಲಿ ಚಾಲಕ ಮಾಡುವ ಕೆಲಸ ಎರಡೇ. ಒಂದು, ಹಿಡಿದದ್ದನ್ನು ಇನ್ನೂ ಗಟ್ಟಿ ಹಿಡಿಯುವುದು. ಇನ್ನೊಂದು, ಎರಡೂ ಕ್ಲಚ್ ಒಟ್ಟಿಗೆ ಹಿಡಿಯುವುದು. ಎರಡನ್ನೂ ಹಿಡಿದರೆ ಎಂಜಿನಿನ ತಡೆಯೇ ಇಲ್ಲ, ಇಡೀ ಬಂಡಿ ಗುರುತ್ವಾಕರ್ಷಣೆಯ ಪಾಲು. ಮೈನ್ ಕ್ಲಚ್ ಎಳೆದರೂ ಅದೇ ಕಥೆ.

"ನಮಗೆ ಗೊತ್ತುಂಟು, ಇಳಿಜಾರಿನಲ್ಲಿ ಉಲ್ಟಾ ಹಿಡಿದರಾಯಿತು" ಎಂದು ಹಳಬ ಚಾಲಕರು ಹೇಳುತ್ತಾರೆ. ಹೌದು, ಉಲ್ಟಾ ಹಿಡಿದು ಇಳಿಸುವ ಜಾಣರನ್ನು ನಾನೂ ನೋಡಿದ್ದೇನೆ. ಆದರೆ ಈ ಉಪಾಯದಲ್ಲಿ ಒಂದು ತೊಡಕು ಉಂಟು. ಸಣ್ಣ ಇಳಿಜಾರಿನಲ್ಲಿ, ಹೇರು ಕಮ್ಮಿ ಇದ್ದಾಗ, ರಸ್ತೆ ಕೆಸರಾಗಿದ್ದಾಗ ಎಂಜಿನ್ ಇನ್ನೂ ಎಳೆಯುತ್ತಲೇ ಇರಬಹುದು. ಆಗ ಕ್ಲಚ್ ಸರಿಯಾದ ಬದಿಗೇ ತಿರುಗಿಸುತ್ತದೆ. ಹತ್ತು ಮಾರು ಮುಂದೆ ಇಳಿಜಾರು ಜಾಸ್ತಿಯಾದರೆ ಉಲ್ಟಾ. ಎಲ್ಲಿ ಬದಲಾಗುತ್ತದೆಂದು ಗೆರೆ ಹಾಕಿಟ್ಟವರು ಯಾರು? ಕಷ್ಟದಲ್ಲಿ ಕೈ ಹೋಗುವುದು ಅಭ್ಯಾಸವಾದ ಕಡೆಗೆ, ಬುದ್ಧಿ ಹೇಳಿದ ಕಡೆಗಲ್ಲ.

ಹಾಗಾಗಿ ನನ್ನ ಮಟ್ಟಿಗೆ ನಿಯಮ ಒಂದೇ. ಇಳಿಜಾರು ಶುರುವಾದ ಮೇಲೆ ಸೈಡ್ ಕ್ಲಚ್ ಮುಟ್ಟುವುದೇ ಬೇಡ. ಹ್ಯಾಂಡಲನ್ನೇ ದೂಡಿ ತಿರುಗಿಸಿ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲ್ ಬಲಕ್ಕೆ, ಬಲಕ್ಕಾದರೆ ಎಡಕ್ಕೆ. ಕೈಗೆ ಭಾರ ಬೀಳುತ್ತದೆ, ತಿರುವು ಅಗಲವಾಗಿ ತೆಗೆದುಕೊಳ್ಳಬೇಕಾಗುತ್ತದೆ. ನಿಧಾನ ಹೋದರೆ ಇದು ಖಂಡಿತ ಆಗುತ್ತದೆ. ಹಾಗೆ ತಿರುಗಿಸಲಿಕ್ಕೆ ಆಗದಷ್ಟು ಕಡಿದಾದ ತಿರುವು ನಿಮ್ಮ ತೋಟದ ದಾರಿಯಲ್ಲಿದ್ದರೆ ಅದು ದಾರಿಯ ದೋಷ. ಜೆಸಿಬಿ ಬಂದ ದಿನ ಅದನ್ನು ಮೊದಲು ಅಗಲ ಮಾಡಿಸಿ, ಉಳಿದ ಕೆಲಸ ಆಮೇಲೆ.

ಗೇರಿನ ವಿಷಯವೂ ಇಲ್ಲೇ ಹೇಳಬೇಕು. ಅದೇ ಹೇರು ಹಾಕಿ ಆ ಗುಡ್ಡ ಏರಲು ಯಾವ ಗೇರು ಬೇಕೋ ಇಳಿಯಲಿಕ್ಕೂ ಅದೇ, ಇಲ್ಲದಿದ್ದರೆ ಅದಕ್ಕಿಂತ ಕೆಳಗಿನದ್ದು. ಗೇರು ಹಾಕುವುದು ತುದಿಯಲ್ಲಿ ನಿಂತು, ಅರ್ಧ ಇಳಿದ ಮೇಲೆ ಅಲ್ಲ. ನ್ಯೂಟ್ರಲಿಗೆ ಬಂದ ಗೇರು ವಾಪಸು ಬೀಳದಿದ್ದರೆ ಮುಗಿಯಿತು. ಡೀಸೆಲ್ ಉಳಿಸಲಿಕ್ಕೆ ನ್ಯೂಟ್ರಲಿನಲ್ಲಿ ಬಿಡುವವರ ಬಗ್ಗೆ ಬರೆಯಲಿಕ್ಕೆ ನನಗೆ ಒಳ್ಳೆಯ ಶಬ್ದಗಳು ಸಿಕ್ಕುವುದಿಲ್ಲ.

ಟಿಲ್ಲರನ್ನು ಓಡಿಸುವುದು ಎಷ್ಟೋ ಮನೆಗಳಲ್ಲಿ ಯಜಮಾನರಲ್ಲ, ಕೆಲಸಕ್ಕೆ ಬರುವ ಹುಡುಗರು. ಬಯಲುಸೀಮೆಯಿಂದ ಬಂದವರಿಗೆ ಈ ಉಲ್ಟಾ ವಿದ್ಯೆ ಕೇಳಿಯೇ ಗೊತ್ತಿರುವುದಿಲ್ಲ. ಹೊಸಬರಿಗೆ ಕೀಲಿ ಕೊಡುವ ಮೊದಲು ಖಾಲಿ ಟ್ರೇಲರಿನಲ್ಲಿ, ಎರಡೂ ಬದಿ ಬಯಲಿರುವ ಸಣ್ಣ ಇಳಿಜಾರಿನಲ್ಲಿ, ಕಮ್ಮಿ ಗೇರಿನಲ್ಲಿ ಜೊತೆಗೆ ನಿಂತು ತೋರಿಸಿ. ಅರ್ಧ ಗಂಟೆಯ ಕೆಲಸ.

ಹೇರು ಎಷ್ಟು, ಎಲ್ಲಿ

ಟಿಲ್ಲರಿನ ಸ್ವಂತ ತೂಕ ನಾನೂರು, ಐನೂರು ಕಿಲೋ. ಹೇರು ತುಂಬಿದ ಟ್ರೇಲರ್ ಎರಡು ಟನ್ ಅಂತಿಟ್ಟುಕೊಳ್ಳಿ. 100 ಅಡಿ ದೂರಕ್ಕೆ 10 ಅಡಿ ಇಳಿಯುವ ರಸ್ತೆಯಲ್ಲಿ ಆ ಟ್ರೇಲರ್ ಹೆಚ್ಚುಕಮ್ಮಿ 200 ಕಿಲೋ ಬಲದಿಂದ ಟಿಲ್ಲರನ್ನು ದೂಡುತ್ತದೆ. ನಮ್ಮ ಎಷ್ಟೋ ತೋಟದ ದಾರಿಗಳು ಇದರ ದುಪ್ಪಟ್ಟು ಕಡಿದು. ಆಗ ದೂಡುವುದೂ ದುಪ್ಪಟ್ಟು.

"ನಾನು ಅಷ್ಟೆಲ್ಲ ಹೇರುವುದಿಲ್ಲ" ಅನ್ನಬೇಡಿ. ಲೆಕ್ಕ ಹಾಕಿ. ಆರಡಿ ಉದ್ದ, ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆಯಲ್ಲಿ 36 ಘನ ಅಡಿ ಹಿಡಿಯುತ್ತದೆ. ಒದ್ದೆ ಹೊಯಿಗೆ ಘನ ಅಡಿಗೆ 50 ಕಿಲೋ ಹಿಡಿದರೂ 1,800 ಕಿಲೋ ಆಯಿತು, ಅದೂ ಮಟ್ಟಸ ತುಂಬಿದಾಗ! ಕೆಂಪು ಕಲ್ಲು ಒಂದಕ್ಕೆ 35 ಕಿಲೋ ಎಂದರೆ ನಲ್ವತ್ತು ಕಲ್ಲಿಗೆ 1,400. ಹಟ್ಟಿಗೊಬ್ಬರ, ಸೊಪ್ಪು, ಅಡಿಕೆಗೊನೆ ಇಂಥವು ತುಂಬಿ ತುಳುಕಿದರೂ ಭಯ ಕಮ್ಮಿ. ಹೊಯಿಗೆ, ಜಲ್ಲಿ, ಕಲ್ಲುಗಳಿಗೆ ಕಣ್ಣಳತೆ ಸಾಲದು. ಪೆಟ್ಟಿಗೆಯ ಒಳಬದಿಗೆ ಬಣ್ಣದಲ್ಲಿ ಒಂದು ಗೆರೆ ಎಳೆದು "ಹೊಯಿಗೆ ಇಲ್ಲಿವರೆಗೆ" ಎಂದು ಬರೆದಿಡಿ. ಟ್ರೇಲರಿನ ಪ್ಲೇಟಿನಲ್ಲಿ ಕಾಣಿಸಿದ ಭಾರದಲ್ಲಿ ಟ್ರೇಲರಿನ ತೂಕವೂ ಸೇರಿದೆಯೋ ಇಲ್ಲವೋ ಒಮ್ಮೆ ವಿಚಾರಿಸಿಕೊಳ್ಳಿ.

ಭಾರ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಅಚ್ಚಿಗಿಂತ ಮುಂದೆ ಸ್ವಲ್ಪ ಹೆಚ್ಚು, ಹಿಂದೆ ಸ್ವಲ್ಪ ಕಮ್ಮಿ ಇರಬೇಕು. ಹತ್ತರಲ್ಲಿ ಆರು ಪಾಲು ಮುಂದೆ ಅಂದರೆ ಸರಿ. ಹಿಂದೆ ಜಾಸ್ತಿಯಾದರೆ ಟ್ರೇಲರಿನ ಮೂತಿ ಮೇಲೇಳಲು ನೋಡುತ್ತದೆ, ಟಿಲ್ಲರಿನ ಚಕ್ರಕ್ಕೆ ನೆಲದ ಹಿಡಿತ ಹೋಗುತ್ತದೆ. ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ವಾಲುವುದರಿಂದ ಚಕ್ರ ಅಲ್ಲೇ ತಿರುಗಲು ಶುರು. ಪೈಪು, ಬಿದಿರು, ಸಲಾಕೆ ಹೇರುವಾಗ ಇದನ್ನು ಮರೆಯುವವರು ಬಹಳ. ಡ್ರಮ್ಮಿನಲ್ಲಿ ನೀರೋ ಸ್ಲರಿಯೋ ಒಯ್ಯುವುದಾದರೆ ಪೂರ್ತಿ ತುಂಬಿಸಿ ಮುಚ್ಚಳ ಹಾಕಿ. ಅರ್ಧ ತುಂಬಿದ ಡ್ರಮ್ ತಿರುವಿನಲ್ಲಿ ಕುಲುಕಿ ಟ್ರೇಲರನ್ನೇ ಎಳೆದಾಡುತ್ತದೆ.

ಜನರನ್ನು ಹತ್ತಿಸುವುದು? ಬೇಡ. ಕಾನೂನೂ ಒಪ್ಪುವುದಿಲ್ಲ. ಮಗುಚಿದಾಗ ಕಲ್ಲಿನ ಒಟ್ಟಿಗೆ ಬೀಳುವವರು ನಮ್ಮ ಮನೆಯವರೇ.

ಬ್ರೇಕು, ಬೇರಿಂಗು

ಟ್ರೇಲರ್ ಕಟ್ಟಿದ ಟಿಲ್ಲರಿಗೆ ನಂಬಿಕೆಯ ಬ್ರೇಕು ಟ್ರೇಲರಿನ ಚಕ್ರದ್ದೇ. ಹಿಂದಿನಿಂದ ಹಿಡಿದರೆ ಬಂಡಿ ನೇರ ನಿಲ್ಲುತ್ತದೆ, ಮುಂದೆ ಮಾತ್ರ ತಡೆದರೆ ಟ್ರೇಲರ್ ನುಗ್ಗಿ ಟಿಲ್ಲರನ್ನು ಅಡ್ಡ ಮಡಚುತ್ತದೆ. ಹಾಗಾಗಿ ಇಳಿಯುವ ಮೊದಲೇ ಪೆಡಲ್ ಒಮ್ಮೆ ಒತ್ತಿ ನೋಡಿ. ವೇಗ ಬಂದ ಮೇಲೆ ಒತ್ತುವುದು ತಡವಾಯಿತು. ವೇಗ ಎರಡು ಪಾಲಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಾಲು.

ತೋಡು ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಹೊಕ್ಕು ಬ್ರೇಕು ಹಿಡಿಯುವುದಿಲ್ಲ. ಐವತ್ತು ಅರವತ್ತು ಅಡಿ ಪೆಡಲನ್ನು ಹಗುರ ಒತ್ತಿಕೊಂಡೇ ಓಡಿಸಿ ಒಣಗಿಸಿ, ಹಿಡಿತ ಬಂದದ್ದನ್ನು ನೋಡಿಕೊಂಡು ಮುಂದುವರಿಯಿರಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಎರಡೂ ಚಕ್ರ ಜಾಕಿಯಲ್ಲಿ ಎತ್ತಿ. ಒಬ್ಬರು ಪೆಡಲ್ ಅರ್ಧ ಒತ್ತಲಿ, ನೀವು ಚಕ್ರ ತಿರುಗಿಸಿ. ಎರಡೂ ಚಕ್ರ ಒಂದೇ ಹಾಗೆ ಬಿಗಿಯಬೇಕು. ಒಂದು ಮಾತ್ರ ಬಿಗಿದರೆ ಬ್ರೇಕ್ ಹಾಕಿದಾಗ ಬಂಡಿ ಆ ಬದಿಗೆ ಎಳೆಯುತ್ತದೆ.

ಎತ್ತಿದ್ದಾಗಲೇ ಬೇರಿಂಗ್ ನೋಡಿಬಿಡಿ. ಟಯರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿ. ಕಟಕಟ ಅಂದರೆ ಸಡಿಲ. ತಿರುಗಿಸಿದಾಗ ಜಲ್ಲಿ ಅರೆದ ಹಾಗೆ ಸದ್ದು ಬಂದರೆ ಬೇರಿಂಗ್ ಹೋಗಿದೆ. ಬಿಚ್ಚಿ, ಹಳೆ ಗ್ರೀಸನ್ನು ಡೀಸೆಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರುಗಳ ಸಂದಿಗೆ ತುರುಕಬೇಕು. ಹಳತರ ಮೇಲೆ ಹೊಸತು ಮೆತ್ತುವುದು ಮನಸ್ಸಿನ ಸಮಾಧಾನಕ್ಕೆ ಮಾತ್ರ. ಹಬ್ಬಿನ ತುಂಬ ಗ್ರೀಸ್ ತುಂಬಲೂ ಬಾರದು, ಬಿಸಿಯಾದಾಗ ಸೀಲ್ ದಾಟಿ ಬ್ರೇಕ್ ಲೈನರಿಗೆ ಹರಿಯುತ್ತದೆ. ಬಿಚ್ಚಿದ ಮೇಲೆ ಸೀಲ್ ಹೊಸತೇ ಹಾಕಿ. ಕೂಡಿಸುವಾಗ ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಸ್ವಲ್ಪ ತಡೆ ಬಂದ ಮೇಲೆ ಆರರಲ್ಲೊಂದು ಸುತ್ತು ಹಿಂದೆ ಬಿಡಿ. ಪಿನ್ನಿನ ತೂತಿಗೆ ಹೊಂದಿಸಿ ಹೊಸ ಕಾಟರ್ ಪಿನ್ ಹಾಕಿ. ಹಳೆಯದನ್ನು ನೆಟ್ಟಗೆ ಮಾಡಿ ಹಾಕುವಷ್ಟು ಬಡತನ ಯಾರಿಗೂ ಇಲ್ಲ.

ಆಮೇಲೆ ಮೊದಲ ಟ್ರಿಪ್ಪಿನ ನಂತರ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಬ್ರೇಕು ಕಚ್ಚಿಕೊಂಡಿದೆ. ಮುಂದೆ ಹೇರಬೇಡಿ.

ಕೊಂಡಿಯ ಪಿನ್ ಬಗ್ಗೆ ಒಂದು ಮಾತು. ಕಳೆದುಹೋಯಿತೆಂದು ಸಲಾಕೆ ತುಂಡು, ಬೋಲ್ಟು ಸಿಕ್ಕಿಸುವುದು ಎಲ್ಲ ಕಡೆ ಕಾಣುತ್ತದೆ. ಪಿನ್ನಿನ ನಡು ಸವೆದು ಸಪೂರ ಆಗಿದ್ದರೆ, ತೂತು ಅಂಡಾಕಾರ ಆಗಿದ್ದರೆ ಬದಲಾಯಿಸಿ. ಕೆಳಗೆ ಕ್ಲಿಪ್ಪು ಇರಲೇಬೇಕು. ಮೂತಿಯ ವೆಲ್ಡಿಂಗ್ ಜಾಗವನ್ನು ಸೆಗಣಿ ಮಣ್ಣು ತೊಳೆದು ಹಗಲು ಬೆಳಕಿನಲ್ಲಿ ನೋಡಿ. ಕೂದಲೆಳೆಯ ಬಿರುಕೂ ಬಿರುಕೇ.

ಕಮ್ಮಿ ಖರ್ಚಿನ ಸುಧಾರಣೆಗಳು

ಟ್ರೇಲರಿಗೆ ಬಣ್ಣ, ಹೂ, ದೇವರ ಹೆಸರು ಎಲ್ಲ ಬರೆಸುತ್ತೇವೆ. ಅದರ ಒಟ್ಟಿಗೆ ಹೊಳೆಯುವ ಟೇಪು ಅಂಟಿಸಿ. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಮುಸ್ಸಂಜೆಗೆ ರಸ್ತೆ ಬದಿ ನಿಂತ ಟ್ರೇಲರಿಗೆ ಬೈಕಿನವರು ಬಂದು ಬಡಿಯುವುದು ಕಾಣದೆ. ಹಿಂದಿನ ಲೈಟು ಉರಿಯುತ್ತಿಲ್ಲವಾದರೆ ಬಲ್ಬಿಗಿಂತ ಮೊದಲು ಅರ್ತ್ ನೋಡಿ. ತುಕ್ಕು ಹಿಡಿದ ಕೊಂಡಿಯ ಮೂಲಕವೇ ಅರ್ತ್ ಸಾಗಬೇಕಾದಲ್ಲಿ ಹೀಗಾಗುತ್ತದೆ, ಪ್ರತ್ಯೇಕ ವಯರ್ ಎಳೆದರೆ ಆ ರಗಳೆ ಮುಗಿಯಿತು.

ಎರಡು ಮರದ ಆಪುಗಳನ್ನು ಹಗ್ಗದಲ್ಲಿ ಟ್ರೇಲರಿಗೇ ಕಟ್ಟಿಡಿ. ಗುಡ್ಡದಲ್ಲಿ ನಿಲ್ಲಿಸಿದಾಗ ಕಲ್ಲು ಹುಡುಕುವ ಕೆಲಸ ಇಲ್ಲ. ಕೊಂಡಿಗೆ ಒಂದು ಗಟ್ಟಿ ಸಂಕೋಲೆ ಹೆಚ್ಚುವರಿ ಹಾಕಿಸಿದರೆ ಪಿನ್ ಹಾರಿದರೂ ಟ್ರೇಲರ್ ಬಿಟ್ಟುಹೋಗದು. ಮೂತಿಗೆ ಮಡಚುವ ಕಾಲು ಮಾಡಿಸಿಕೊಂಡರೆ ಒಬ್ಬರೇ ಕಟ್ಟಬಹುದು, ಬಿಚ್ಚಬಹುದು. ಸೊಂಟಕ್ಕೂ ಒಳ್ಳೆಯದು.

ಪೆಟ್ಟಿಗೆಯ ತಳದ ಮೂಲೆಗಳಲ್ಲಿ ನೀರು ಇಳಿಯಲು ತೂತು ಇರಲಿ. ಗೊಬ್ಬರ, ಪೊಟಾಷ್, ಯೂರಿಯಾ ಹೇರಿದ ದಿನವೇ ತೊಳೆಯಿರಿ, ಶೀಟು ತಿನ್ನುವುದು ಅವೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸುವುದಾದರೆ ಅಚ್ಚಿನ ಕೆಳಗೆ ಕಲ್ಲಿಟ್ಟು ಟಯರಿನ ಭಾರ ಇಳಿಸಿ, ಮೂತಿ ಸ್ವಲ್ಪ ತಗ್ಗಿಸಿ ನಿಲ್ಲಿಸಿ.

ಬದಿಯ ಹಲಗೆ ಎತ್ತರಿಸುವ ಆಸೆ ಎಲ್ಲರಿಗೂ. ಸೊಪ್ಪು, ಹುಲ್ಲು ತರಲು ಕಳಚುವಂಥ ಜಾಲರಿ ಮಾಡಿಸಿ. ಶೀಟು ವೆಲ್ಡ್ ಮಾಡಿ ಖಾಯಂ ಎತ್ತರಿಸಿದರೆ ಒಂದು ದಿನ ಯಾರೋ ಅದರ ತುದಿವರೆಗೆ ಹೊಯಿಗೆ ತುಂಬಿಸಿಯೇ ತುಂಬಿಸುತ್ತಾರೆ.

ಮಿನಿ ಟ್ರಾಕ್ಟರ್ ಇದ್ದವರಿಗೆ ಸೈಡ್ ಕ್ಲಚ್ಚಿನ ಕಾಟ ಇಲ್ಲ. ಆದರೆ ರಸ್ತೆಗೆ ಬರುವ ಮೊದಲು ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿರಬೇಕು. ಬೇರೆ ಬೇರೆ ಇದ್ದು ಒಂದನ್ನೇ ಒತ್ತಿದರೆ ಟ್ರಾಕ್ಟರ್ ಗಕ್ಕನೆ ತಿರುಗುತ್ತದೆ, ಹಿಂದಿನ ಟ್ರೇಲರ್ ದೂಡಿ ಮಗುಚುತ್ತದೆ. ಟ್ರೇಲರನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಯಾವತ್ತೂ ಕಟ್ಟಬೇಡಿ. ಏರಿನಲ್ಲಿ ಮುಂದಿನ ಚಕ್ರ ಎದ್ದು ಟ್ರಾಕ್ಟರ್ ಹಿಂದಕ್ಕೆ ಮಗುಚಿ ಬೀಳುವುದು ಹಾಗೆ ಕಟ್ಟಿದಾಗಲೇ. ಕಂಪೆನಿ ಕೊಟ್ಟ ಹಿಚ್ ಜಾಗ ಕೆಳಗಿರುವುದು ಇದೇ ಕಾರಣಕ್ಕೆ.