ಕಾಲಯಂತ್ರ ಮತ್ತು ಖಾತೆ ಪುಸ್ತಕ: ‘ಡಾರ್ಕ್’ ಮುಗಿದರೂ ಮುಗಿಯದ ಜಗಳ

ಇವತ್ತಿನ ವಿಷಯ ಟೈಮ್ ಟ್ರಾವೆಲ್. ಮೊದಲೇ ಹೇಳಿಬಿಡ್ತೀನಿ, ‘ಡಾರ್ಕ್’ ಸೀರೀಸ್ ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ. ಕೊನೇ ಎಪಿಸೋಡ್ ತನಕ ಎಲ್ಲಾ ಬಿಚ್ಚಿಡ್ತೀನಿ. ಆಮೇಲೆ ಬೈಬೇಡಿ.

ನಮ್ಮದು ಐದು ಜನರ ಗುಂಪು. ಮೂವರು ಹುಮನಾಬಾದ್‌ನವರು, ಇಬ್ಬರು ಬಸವಕಲ್ಯಾಣದವರು. 2020ರ ಲಾಕ್‌ಡೌನ್‌ನಲ್ಲಿ ಅವರವರ ಮನೆಯಲ್ಲಿ, ಫೋನಿನ ಪುಟ್ಟ ಸ್ಕ್ರೀನ್‌ನಲ್ಲಿ ‘ಡಾರ್ಕ್’ ನೋಡಿದ್ವಿ. ಸೀರೀಸ್ ಮುಗೀತು, ಜಗಳ ಮುಗಿಲಿಲ್ಲ. ಈಗಲೂ ಭಾನುವಾರ ಸಸ್ತಾಪುರ ಬಂಗ್ಲಾ ಹತ್ರ, ಹೈವೇ ಬಿಟ್ಟು ಕಲ್ಯಾಣದ ಕಡೆ ರಸ್ತೆ ತಿರುಗೋ ಜಾಗದಲ್ಲಿ, ಚಹಾ ಹಿಡ್ಕೊಂಡು ಕೂತರೆ ಅದೇ ಪ್ರಶ್ನೆ: ಹಿಂದಕ್ಕೆ ಹೋಗಿ ಆಗಿದ್ದನ್ನ ಬದಲಿಸಬಹುದಾ, ಇಲ್ವಾ?

‘ಡಾರ್ಕ್’ ಜರ್ಮನ್ ಸೀರೀಸ್. ಬಾರನ್ ಬೋ ಓಡಾರ್ ಮತ್ತು ಯಾಂತ್ಯೆ ಫ್ರೀಸೆ ಕಟ್ಟಿದ ಕಥೆ. 2017ರ ಡಿಸೆಂಬರ್ 1ಕ್ಕೆ ನೆಟ್‌ಫ್ಲಿಕ್ಸ್‌ಗೆ ಬಂತು. ಮೂರು ಸೀಸನ್, 26 ಎಪಿಸೋಡ್. ವಿಂಡೆನ್ ಅಂತ ಒಂದು ಸಣ್ಣ ಊರು, ಅಲ್ಲೊಂದು ಅಣು ವಿದ್ಯುತ್ ಸ್ಥಾವರ, ಕಾಡಲ್ಲೊಂದು ಗುಹೆ. ಗುಹೆಯೊಳಗೆ ಹೊಕ್ಕರೆ 33 ವರ್ಷ ಹಿಂದಕ್ಕೆ. 2019ರಿಂದ 1986ಕ್ಕೆ, ಅಲ್ಲಿಂದ 1953ಕ್ಕೆ. ಕಥೆಯಲ್ಲಿ ಜಗತ್ತು ಮುಳುಗೋ ದಿನ 2020ರ ಜೂನ್ 27. ಕೊನೇ ಸೀಸನ್ ಬಿಡುಗಡೆ ಆಗಿದ್ದೂ ಅದೇ ದಿನ. ಆ ಹೊತ್ತಿಗೆ ಹೊರಗಿನ ಜಗತ್ತೂ ಬಾಗಿಲು ಹಾಕ್ಕೊಂಡು ಕೂತಿತ್ತು. ಅದಕ್ಕೇ ನಮಗೆ ಅಷ್ಟು ನಾಟಿತೋ ಏನೋ.

33 ವರ್ಷದ ಲೆಕ್ಕ ನಮ್ಮೂರಿಗೇ ಹಾಕಿ ನೋಡಿ. 2019ರ ಹುಮನಾಬಾದ್‌ನಲ್ಲಿ ರೈಲಿದೆ. ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್‌ನಲ್ಲಿ. 1986ಕ್ಕೆ ಹೋದರೆ ಆ ರೈಲಿಲ್ಲ. 1953ಕ್ಕೆ ಹೋದರೆ ನಾವು ಈ ರಾಜ್ಯದಲ್ಲೇ ಇಲ್ಲ. ಆಗ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಚಹಾ ಕುಡಿಯೋಕೂ ಎರಡು ನಾಣ್ಯದ ಲೆಕ್ಕ ಬೇಕು. ನಿಜಾಮರ ಕಾಲದ ಹಾಲಿ ಸಿಕ್ಕಾ ಇನ್ನೂ ರದ್ದಾಗಿರಲಿಲ್ಲ, ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ. ಅದು ಪೂರ್ತಿ ರದ್ದಾಗಿದ್ದು 1959ರಲ್ಲಿ. ಫೋನ್‌ಪೇ ತೋರಿಸಿದ್ರೆ ಅಂಗಡಿಯವನು ಹುಚ್ಚ ಅಂತಾನೆ.

ಸರಿ, ಅಸಲಿ ಪ್ರಶ್ನೆಗೆ ಬರೋಣ. ನಾನು ಬಿ.ಕಾಂ. ಓದಿದವನು, ನನಗೆ ಎಲ್ಲಾ ಅರ್ಥ ಆಗೋದು ಲೆಕ್ಕದ ಪುಸ್ತಕದ ಮೂಲಕವೇ. ಟೈಮ್ ಟ್ರಾವೆಲ್ ಕಥೆಗಳಲ್ಲಿ ಮುಖ್ಯವಾಗಿ ಮೂರು ಥರ ಅಂತ ಇಟ್ಕೊಳ್ಳಿ.

ಒಂದನೇದು, ಪೆನ್ಸಿಲ್‌ನಲ್ಲಿ ಬರೆದ ಪುಸ್ತಕ. 1985ರ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾ ಹಾಗೆ. ಹಿಂದಕ್ಕೆ ಹೋಗಿ ಒಂದು ಸಾಲು ಅಳಿಸಿದ್ರೆ ಮುಂದಿನದೆಲ್ಲಾ ಬದಲಾಗುತ್ತೆ. ಹುಡುಗನ ಜೇಬಲ್ಲಿರೋ ಫೋಟೋದಿಂದ ಒಡಹುಟ್ಟಿದವರು ಒಬ್ಬೊಬ್ಬರೇ ಮಾಯ ಆಗ್ತಾ ಹೋಗ್ತಾರೆ.

ಎರಡನೇದು, ಹೊಸ ಪುಸ್ತಕ ತೆಗೆಯೋದು. 2019ರ ‘ಅವೆಂಜರ್ಸ್: ಎಂಡ್‌ಗೇಮ್’. ಹಿಂದೆ ಹೋಗಿ ಏನಾದ್ರೂ ಬದಲಿಸಿದ್ರೆ ಅಲ್ಲಿಂದ ಬೇರೆ ಕವಲು ಹುಟ್ಟುತ್ತೆ. ನಿನ್ನ ಹಳೇ ಪುಸ್ತಕ ಇದ್ದ ಹಾಗೇ ಇರುತ್ತೆ.

ಮೂರನೇದು, ಇಂಕಿನಲ್ಲಿ ಬರೆದು ಆಡಿಟ್ ಆದ ಪುಸ್ತಕ. ‘ಡಾರ್ಕ್’ ಬಹುಪಾಲು ಇದೇ. ಮಿಕೆಲ್ ಅನ್ನೋ ಹುಡುಗ 2019ರಲ್ಲಿ ಕಾಣೆಯಾಗಿ 1986ಕ್ಕೆ ಹೋಗ್ತಾನೆ, ಅಲ್ಲೇ ಬೆಳೀತಾನೆ, ಮದುವೆ ಆಗ್ತಾನೆ. ಅವನ ಮಗನೇ ಯೋನಾಸ್, ಕಥಾನಾಯಕ. ಈಗ ಯೋನಾಸ್ ಹಿಂದಕ್ಕೆ ಹೋಗಿ ಮಿಕೆಲ್‌ನನ್ನ ಮನೆಗೆ ಕರ್ಕೊಂಡು ಬಂದ್ರೆ, ಯೋನಾಸ್ ಹುಟ್ಟೋದೇ ಇಲ್ಲ. ಹುಟ್ಟದವನು ಕರ್ಕೊಂಡು ಬರೋದು ಹೇಗೆ? ಇದನ್ನೇ ಅಜ್ಜನ ವಿರೋಧಾಭಾಸ ಅಂತಾರೆ. ರಷ್ಯಾದ ಭೌತವಿಜ್ಞಾನಿ ಇಗೋರ್ ನೋವಿಕೋವ್ 1980ರ ದಶಕದಲ್ಲಿ ಇದಕ್ಕೊಂದು ನಿಯಮ ಹೇಳಿದ್ರು: ಹಿಂದಕ್ಕೆ ಹೋದರೂ ಆಗಿದ್ದಕ್ಕೆ ಅಡ್ಡ ಬರೋ ಯಾವ ಕೆಲಸವೂ ನಡೆಯಲ್ಲ. ನೀನು ಅಲ್ಲಿ ಏನು ಮಾಡ್ತೀಯೋ ಅದೂ ಆಗಿಹೋದದ್ದರ ಭಾಗವೇ.

ಇನ್ನೊಂದು ತಮಾಷೆ ಇದೆ. ಗಡಿಯಾರ ರಿಪೇರಿ ಮಾಡೋ ಟಾನ್‌ಹೌಸ್‌ಗೆ ಅವನೇ ಬರೆದ ಪುಸ್ತಕವನ್ನ, ಅವನು ಬರೆಯೋಕೆ ಮುಂಚೆಯೇ ತಂದು ಕೊಡ್ತಾರೆ. ಹಾಗಾದ್ರೆ ಬರೆದವರ್‍ಯಾರು? ಲೆಕ್ಕದ ಭಾಷೆಯಲ್ಲಿ ಇದು ವೌಚರ್ ಇಲ್ಲದ ಎಂಟ್ರಿ. ಹಣ ಖಾತೆಯಲ್ಲಿದೆ, ಎಲ್ಲಿಂದ ಬಂತು ಅಂದ್ರೆ ಉತ್ತರ ಇಲ್ಲ.

ಕೊನೇ ಎಪಿಸೋಡ್‌ನಲ್ಲಿ ಮಾತ್ರ ಆಟ ತಿರುಗುತ್ತೆ. ಪ್ರಳಯದ ಕ್ಷಣದಲ್ಲಿ ಕಾಲ ಒಂದು ಗಳಿಗೆ ನಿಲ್ಲುತ್ತೆ, ಆ ಸಂದು ಕ್ಲೌಡಿಯಾಗೆ ಸಿಗುತ್ತೆ. ಯೋನಾಸ್ ಮತ್ತು ಮಾರ್ಥಾ ಮೂಲ ಜಗತ್ತಿಗೆ ಹೋಗಿ ಟಾನ್‌ಹೌಸ್ ಕುಟುಂಬದ ಕಾರ್ ಅಪಘಾತ ತಪ್ಪಿಸ್ತಾರೆ. ಅವರಿಬ್ಬರೂ, ಅವರ ಎರಡೂ ಜಗತ್ತೂ ಅಳಿಸಿಹೋಗುತ್ತೆ. ನಾನಂತೂ “ಇದು ಮೋಸ” ಅಂತ ವಾದ ಮಾಡಿದೆ. ಇಷ್ಟು ದಿನ ಇಂಕು ಅಂದು ಕೊನೆಗೆ ರಬ್ಬರ್ ತೆಗೆದ್ರೆ ಹೇಗೆ? ಕಲ್ಯಾಣದ ಗೆಳೆಯ ಒಬ್ಬನೇ ಬಿಡಲಿಲ್ಲ. “ಬದಲಿ ಮಾಡ್ಲಾಕ ಆಗ್ತದ. ಆಗಲೇಬೇಕು” ಅಂದ.

ಕಲ್ಯಾಣದವರ ಜೊತೆ ಈ ಮಾತಾಡಿದ್ರೆ ಹನ್ನೆರಡನೇ ಶತಮಾನಕ್ಕೆ ಹೋಗದೆ ಇರೋಕೆ ಆಗಲ್ಲ. 1989ರಲ್ಲಿ ದೂರದರ್ಶನದಲ್ಲಿ ‘ಇಂದ್ರಧನುಷ್’ ಅಂತ ಹಿಂದಿ ಮಕ್ಕಳ ಧಾರಾವಾಹಿ ಬಂದಿತ್ತು. ಅದರಲ್ಲಿ ಕಂಪ್ಯೂಟರ್ ಇತ್ತು, ಕಾಲಪ್ರಯಾಣವೂ ಇತ್ತು. ಗಿರೀಶ ಕಾರ್ನಾಡರೂ ಅದರಲ್ಲಿ ನಟಿಸಿದ್ರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅವರು ಬರೆದ ನಾಟಕ ‘ತಲೆದಂಡ’. ಕಥೆ ಇದೇ ಕಲ್ಯಾಣದ್ದು. 1994ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಈಗ ಹೇಳಿ, ಕಾಲಯಂತ್ರ ನಿಮ್ಮನ್ನ ಆ ಕಲ್ಯಾಣದಲ್ಲಿ ಇಳಿಸಿದ್ರೆ ಏನು ಮಾಡ್ತೀರಿ? ಮಧುವರಸರ ಮಗಳು, ಹರಳಯ್ಯನವರ ಮಗ. ಮುಂದೆ ರಕ್ತ ಹರಿಯುತ್ತೆ, ಶರಣರು ದಿಕ್ಕಾಪಾಲಾಗ್ತಾರೆ ಅಂತ ನಿಮಗೆ ಗೊತ್ತು. ಅವರನ್ನ ಉಳಿಸೋಕೆ ಇರೋ ದಾರಿ ಆ ಮದುವೆ ನಿಲ್ಲಿಸೋದು. “ಬೇಡ, ನಿಮ್ಮ ಜಾತಿ ಬೇರೆ ಬೇರೆ” ಅಂತ ಹೋಗಿ ಹೇಳ್ತೀರಾ? ನಮ್ಮ ಐದು ಜನರಲ್ಲಿ ಒಬ್ಬನೂ ಹೂಂ ಅನ್ನಲಿಲ್ಲ.

ಆವತ್ತು ಆ ಗೆಳೆಯ ಸುಮ್ಮನಾದ. ಸ್ವಲ್ಪ ಹೊತ್ತಿಗೆ, “ನಂದು ಅಷ್ಟು ದೊಡ್ಡ ಕಥಿ ಅಲ್ಲಪಾ” ಅಂದ. “ನಂಗ ಒಂದೇ ರಾತ್ರಿ ಬೇಕಾಗ್ಯಾದ.”

2021ರ ಮೇ. ಕೊರೊನಾದ ಎರಡನೇ ಅಲೆ. ಅವರಪ್ಪನಿಗೆ ಉಸಿರು ಹಿಡಿತಿತ್ತು. ರಾತ್ರಿ ಗಾಡಿ ಸಿಗಲಿಲ್ಲ, ಬೆಳಗಾಗಲಿ ಅಂತ ಕಾದ್ರು. ಬೆಳಿಗ್ಗೆ ತಡ ಆಗಿತ್ತು. ನಾಲ್ಕು ವರ್ಷ ನಾವು ಸೀರೀಸ್ ಬಗ್ಗೆ ವಾದ ಮಾಡ್ತಿದ್ವಿ, ಅವನು ಆ ರಾತ್ರಿ ಬಗ್ಗೆ ಮಾತಾಡ್ತಿದ್ದ. ನಾನು ಅವನ ಲಾಜಿಕ್ ನೋಡಿ ನಗ್ತಿದ್ದೆ. ಅದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತೆ. ಇದನ್ನ ಹೇಳೋಕೆ ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ವಿಜ್ಞಾನ ಏನನ್ನುತ್ತೆ? ಮುಂದಕ್ಕೆ ಹೋಗೋದು ಸಣ್ಣ ಪ್ರಮಾಣದಲ್ಲಿ ನಿಜ. ನಿಮ್ಮ ಫೋನಿಗೆ ದಾರಿ ಹೇಳೋ ಜಿಪಿಎಸ್ ಉಪಗ್ರಹದ ಗಡಿಯಾರ, ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಸರಿಪಡಿಸದಿದ್ರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ತಪ್ಪು ಕೂಡಿಕೊಳ್ಳುತ್ತೆ. ಹಿಂದಕ್ಕೆ ಹೋಗೋದು? ಇವತ್ತಿನ ತನಕ ಯಾರೂ ಹೋಗಿಲ್ಲ.

ಇಲ್ಲಿ ನನ್ನ ಕಾಮರ್ಸ್ ಕೆಲಸಕ್ಕೆ ಬಂತು. ಲೆಕ್ಕದಲ್ಲಿ ತಪ್ಪಾದ್ರೆ ಹಳೇ ಸಾಲು ಕೆರೆದು ಅಳಿಸೋ ಹಾಗಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಗುರುತೂ ಉಳಿಯಲೇಬೇಕು ಅಂತ ನಿಯಮವೇ ಇದೆ. ತಪ್ಪು ಅಲ್ಲೇ ಇರುತ್ತೆ. ನಾವು ಮಾಡೋದು ರೆಕ್ಟಿಫಿಕೇಶನ್ ಎಂಟ್ರಿ: ಇವತ್ತಿನ ತಾರೀಖು ಹಾಕಿ, ಹೊಸ ಸಾಲು ಬರೆಯೋದು.

ಆ ಗೆಳೆಯ ಆಮೇಲೆ ಒಂದು ಹಳೇ ಓಮ್ನಿ ತಗೊಂಡ. ಅವನ ಓಣಿಯಲ್ಲಿ ಯಾರಿಗೇ ಆಗಲಿ, ರಾತ್ರಿ ಎಷ್ಟೊತ್ತಿಗೇ ಆಗಲಿ, ಬೀದರಿಗೋ ಕಲಬುರಗಿಗೋ ಆಸ್ಪತ್ರೆಗೆ ಹೋಗಬೇಕಂದ್ರೆ ಆ ಗಾಡಿ ಹೊರಡುತ್ತೆ. ನಾನು ಅವನಿಗೆ ಹೇಳಿದೆ, “ನೋಡಪಾ, ಇದೇ ರೆಕ್ಟಿಫಿಕೇಶನ್ ಎಂಟ್ರಿ.” ಅವನು ಚಹಾ ಕಪ್ ಕೆಳಗಿಟ್ಟು, “ಇರಬಹುದು. ಆದ್ರ ಮಷಿನ್ ಸಿಕ್ರ ನಾ ಹೋಗಾಂವೇ” ಅಂದ. ಈ ಸಲ ನಾನು ವಾದ ಮಾಡಲಿಲ್ಲ.

ನೀವು ಯಾವ ಪುಸ್ತಕದವರು? ಪೆನ್ಸಿಲ್, ಹೊಸ ಪುಸ್ತಕ, ಇಂಕು? ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಒಟ್ಟಿಗೆ ಕೇಳೋಣ. ಬರ್ತೀನ್ರೀ.