*ಸ್ಟೆರಾಯ್ಡ್ ಮಾತ್ರೆ ತಗೊಳ್ತಿದ್ದೀರಾ? ಜೇಬಿನಲ್ಲಿ ಒಂದು ಕಾರ್ಡ್ ಇರಲಿ*



ಆಸ್ತಮಾ, ಕೀಲುವಾತ, ಲೂಪಸ್, ಕಿಡ್ನಿ ತೊಂದರೆ, ಚರ್ಮರೋಗ ಹೀಗೆ ಹಲವು ಕಾಯಿಲೆಗಳಿಗೆ ವೈದ್ಯರು ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ಕೊಡುತ್ತಾರೆ. ಚೀಟಿಯಲ್ಲಿ ಪ್ರೆಡ್ನಿಸೋಲೋನ್, ಮೀಥೈಲ್ ಪ್ರೆಡ್ನಿಸೋಲೋನ್, ಡೆಫ್ಲಜಾಕಾರ್ಟ್ ಅಥವಾ ಡೆಕ್ಸಾಮೆಥಾಸೋನ್ ಎಂದಿರುತ್ತದೆ. ವೈಸೋಲೋನ್, ಆಮ್ನಾಕಾರ್ಟಿಲ್, ಮೆಡ್ರಾಲ್ ಇವೂ ಸ್ಟೆರಾಯ್ಡ್‌ಗಳೇ. ನಿಮ್ಮ ಮನೆಯಲ್ಲಿ ಯಾರಾದರೂ ಇವನ್ನು ತೆಗೆದುಕೊಳ್ಳುತ್ತಿದ್ದರೆ ಇದನ್ನು ಪೂರ್ತಿ ಓದಿ.

*ಕಾರ್ಡ್ ಯಾಕೆ ಬೇಕು?*
ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಅಡ್ರಿನಲ್ ಗ್ರಂಥಿಗಳಿವೆ. ಕಾರ್ಟಿಸೋಲ್ ಎಂಬ ಹಾರ್ಮೋನು ಅಲ್ಲಿ ತಯಾರಾಗುತ್ತದೆ. ಜ್ವರ, ಪೆಟ್ಟು, ಆಪರೇಷನ್ ಇಂಥ ಸಮಯದಲ್ಲಿ ಬಿಪಿ ಮತ್ತು ಸಕ್ಕರೆ ಕುಸಿಯದಂತೆ ಕಾಯುವುದು ಇದೇ. ಹೊರಗಿನಿಂದ ದಿನಾ ಊಟ ಬರುತ್ತಿದ್ದರೆ ಮನೆಯ ಒಲೆ ಹಚ್ಚುವವರಿಲ್ಲ, ಅಲ್ಲವೇ? ಹಾಗೆಯೇ ಮೂರು-ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೆರಾಯ್ಡ್ ತೆಗೆದುಕೊಂಡರೆ ಈ ಗ್ರಂಥಿಗಳು ಕೆಲಸ ನಿಲ್ಲಿಸಿಬಿಡಬಹುದು. ಮಾತ್ರೆ ನಿಂತ ದಿನ ಒಲೆ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಗ್ರಂಥಿ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಕೀಲುವಾತಕ್ಕೆ ಕಾರ್ಟಿಸೋನ್ ಮೊದಲು ಕೊಟ್ಟದ್ದು 1948ರಲ್ಲಿ. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಎರಡೇ ವರ್ಷದಲ್ಲಿ, 1952ರಲ್ಲಿ, ಅಮೆರಿಕದ ವೈದ್ಯರು ಒಂದು ಸಾವನ್ನು ವರದಿ ಮಾಡಿದರು. ಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದ ರೋಗಿಗೆ ಆಪರೇಷನ್ನಿಗೆ ಮುಂಚೆ ಅದನ್ನು ನಿಲ್ಲಿಸಲಾಗಿತ್ತು. ಆಪರೇಷನ್ ಆದ ಮೇಲೆ ಬಿಪಿ ಕುಸಿದು ಅವರು ಉಳಿಯಲಿಲ್ಲ. 2020ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಇಂಥ ರೋಗಿಗಳಿಗಾಗಿ ಸ್ಟೆರಾಯ್ಡ್ ತುರ್ತು ಕಾರ್ಡನ್ನೇ ಜಾರಿಗೆ ತಂದಿತು. ನಾವು ಮನೆಯಲ್ಲೇ ಬರೆದಿಟ್ಟುಕೊಳ್ಳಬಹುದು.

*ಅಪಾಯದ ಲಕ್ಷಣಗಳು*
🔴 ಏಳಲಾಗದಷ್ಟು ಸುಸ್ತು, ನಿಂತರೆ ತಲೆಸುತ್ತು
🔴 ಬಿಡದ ವಾಂತಿ, ಹೊಟ್ಟೆನೋವು
🔴 ಬಿಪಿ, ಸಕ್ಕರೆ ಇಳಿಯುವುದು
🔴 ಗೊಂದಲದ ಮಾತು, ಎಚ್ಚರ ತಪ್ಪುವುದು

ಇದನ್ನು ನೋಡಿ "ಫುಡ್ ಪಾಯ್ಸನ್ ಇರಬೇಕು" ಎಂದು ಮನೆಯಲ್ಲೇ ಕಾಯಬೇಡಿ. ಬೇಕಾಗುವುದು ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು (ದೊಡ್ಡವರಿಗೆ ಮೊದಲು 100 ಮಿ.ಗ್ರಾಂ) ಮತ್ತು ಸಲೈನ್. ತಕ್ಷಣ ಸಿಕ್ಕರೆ ಜೀವ ಉಳಿಯುತ್ತದೆ. ರೋಗಿ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾದರೆ ತಾನೇ ವೈದ್ಯರು ಕೊಡುವುದು!

*ಕಾರ್ಡಿನಲ್ಲಿ ಏನು ಬರೆಯಬೇಕು?*
ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಯಿರಿ.
1. ಹೆಸರು, ವಯಸ್ಸು, ರಕ್ತದ ಗುಂಪು
2. "ನಾನು ದೀರ್ಘಕಾಲದಿಂದ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. ಹಠಾತ್ತನೆ ನಿಲ್ಲಿಸಬೇಡಿ"
3. ಮಾತ್ರೆಯ ಹೆಸರು, ಎಷ್ಟು ಮಿ.ಗ್ರಾಂ, ಯಾವಾಗಿನಿಂದ, ಯಾವ ಕಾಯಿಲೆಗೆ
4. ತುರ್ತಿನಲ್ಲಿ ಕೊಡಬೇಕಾದ ಚುಚ್ಚುಮದ್ದು (ನಿಮ್ಮ ವೈದ್ಯರಿಂದಲೇ ಬರೆಸಿ)
5. ಸಕ್ಕರೆ ಕಾಯಿಲೆ, ಅಲರ್ಜಿ ಇದ್ದರೆ ಅದು
6. ವೈದ್ಯರ ಮತ್ತು ಮನೆಯವರ ಫೋನ್ ನಂಬರ್

ಡೋಸ್ ಬದಲಾದ ದಿನವೇ ಕಾರ್ಡನ್ನೂ ತಿದ್ದಿ. ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿ. ಫೋನ್ ಲಾಕ್ ಆಗಿದ್ದರೂ ಕಾಣುವ ತುರ್ತು ಮಾಹಿತಿಯಲ್ಲೂ ತುಂಬಿಡಿ. ನಿಮ್ಮ ವೈದ್ಯರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲೇ ಇದ್ದರೆ ಇಲ್ಲಿನ ಆಸ್ಪತ್ರೆಯಲ್ಲಿ ನಿಮ್ಮ ಫೈಲ್ ಇರುವುದಿಲ್ಲ ಎಂಬುದು ನೆನಪಿರಲಿ.

*ಊರಿಂದ ಬಂದ ಹಿರಿಯರಿಗೆ*
ಮಕ್ಕಳು ಸೆಕ್ಟರ್ ಫೈವ್ ಆಫೀಸಿನಲ್ಲಿ, ಅಪ್ಪ-ಅಮ್ಮ ಫ್ಲಾಟಿನಲ್ಲಿ ಇಬ್ಬರೇ. ಬಂಗಾಳಿ ಬರದು, ಹಿಂದಿಯೂ ಅಷ್ಟಕ್ಕಷ್ಟೇ. ಅವರಿಗೆ ಒಂದು ವಾಕ್ಯ ಕಲಿಸಿ: "ಆಮಿ ಸ್ಟೆರಾಯ್ಡ್ ಖಾಇ", ಅಂದರೆ ನಾನು ಸ್ಟೆರಾಯ್ಡ್ ತಗೊಳ್ತೀನಿ. ಜೊತೆಗಿರುವವರು ಹೇಳುವುದಾದರೆ "ಉನಿ ಸ್ಟೆರಾಯ್ಡ್ ಖಾನ್". ಮಾತು ಬಾರದಿದ್ದರೆ ಕಾರ್ಡ್ ತೋರಿಸಿದರೆ ಸಾಕು. ಪಕ್ಕದ ಮನೆಯವರಿಗೂ, ಕೆಲಸದ ದೀದಿಗೂ ಕಾರ್ಡ್ ಎಲ್ಲಿದೆ ಎಂದು ಹೇಳಿಡಿ. ತುರ್ತು ಕರೆ 112.

*ಇವನ್ನು ಮರೆಯಬೇಡಿ*
✅ ಮುಖ ಊದಿತು, ಸಕ್ಕರೆ ಏರಿತು ಎಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.
✅ ಜ್ವರ ಬಂದಾಗ ಡೋಸ್ ಹೆಚ್ಚಿಸಬೇಕಾಗಬಹುದು. ಎಷ್ಟು ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.
✅ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.
✅ ಆಪರೇಷನ್, ಹಲ್ಲು ಕೀಳಿಸುವ ಮುನ್ನ ಕಾರ್ಡ್ ತೋರಿಸಿ.
✅ ಹೌರಾದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದೂವರೆ ದಿನ ಬೇಕು. ಮಾತ್ರೆ ಕೈಚೀಲದಲ್ಲಿರಲಿ, ನಾಲ್ಕಾರು ದಿನಕ್ಕೆ ಹೆಚ್ಚೇ ಇರಲಿ. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಿ.
✅ ಮಂಡಿನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು.
✅ ಮಾತ್ರೆ ನಿಲ್ಲಿಸಿದ ಮೇಲೂ ವೈದ್ಯರು ಸಾಕು ಎನ್ನುವವರೆಗೆ, ಸಾಮಾನ್ಯವಾಗಿ ಒಂದು ವರ್ಷ, ಕಾರ್ಡ್ ಜೊತೆಗಿರಲಿ.

ಇದು ಮಾಹಿತಿಗಾಗಿ ಮಾತ್ರ. ಡೋಸ್ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆ. ಸ್ಟೆರಾಯ್ಡ್ ತೆಗೆದುಕೊಳ್ಳುವವರು ನಿಮ್ಮ ಬಳಗದಲ್ಲಿದ್ದರೆ ಇದನ್ನು ಇವತ್ತೇ ಅವರಿಗೆ ಕಳಿಸಿ, ಕಾರ್ಡ್ ಬರೆಯಲು ಜೊತೆಗೆ ಕೂತುಕೊಳ್ಳಿ. ಹತ್ತು ನಿಮಿಷದ ಕೆಲಸ.