ನಿಮಗಿದು ಗೊತ್ತೇ? ಗೃಹಸಾಲಕ್ಕೆ ಎಷ್ಟು ಬ್ಯಾಂಕಿನ ಬಾಗಿಲು ತಟ್ಟಬಹುದು?

ಒಂದೇ ಮನೆಗೆ ಎರಡು ಮೂರು ಬ್ಯಾಂಕುಗಳಲ್ಲಿ ಸಾಲದ ಅರ್ಜಿ ಹಾಕಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಸಂಬಳ ಬೀಳುವ ಬ್ಯಾಂಕಿನಲ್ಲೇ ಸಾಲ ತೆಗೆಯಬೇಕೆಂಬ ಕಟ್ಟಳೆಯೂ ಇಲ್ಲ.

ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಎಂದರೆ ಎಷ್ಟು ದುಡ್ಡು? 50 ಲಕ್ಷ ರೂಪಾಯಿ ಸಾಲ, 20 ವರ್ಷದ ಅವಧಿ ಎಂದುಕೊಳ್ಳಿ. ಬಡ್ಡಿ ಶೇ 8.75 ಇದ್ದರೆ ತಿಂಗಳ ಕಂತು ಸುಮಾರು 44,186 ರೂ., ಶೇ 8.5 ಆದರೆ 43,391 ರೂ. ತಿಂಗಳಿಗೆ 795 ರೂಪಾಯಿ ತಾನೇ ಎಂದು ಬಿಟ್ಟರೆ, 240 ಕಂತು ಮುಗಿಯುವ ಹೊತ್ತಿಗೆ ಕೈಬಿಟ್ಟದ್ದು 1.9 ಲಕ್ಷ.

ಬಡ್ಡಿ ವಿಚಾರಿಸುವುದು ಬೇರೆ, ಅರ್ಜಿ ಕೊಡುವುದು ಬೇರೆ. ಹತ್ತು ಬ್ಯಾಂಕಿನಲ್ಲಿ ದರ ಕೇಳಿದರೂ ನಿಮ್ಮ ಸಿಬಿಲ್ ಸ್ಕೋರಿಗೆ ಏನೂ ಆಗದು. ಆದರೆ ಅರ್ಜಿಗೆ ಸಹಿ ಹಾಕಿ ಪ್ಯಾನ್ ಕೊಟ್ಟ ಮೇಲೆ ಬ್ಯಾಂಕು ನಿಮ್ಮ ಕ್ರೆಡಿಟ್ ವರದಿ ತರಿಸುತ್ತದೆ. ಆ ‘ಎನ್‌ಕ್ವೈರಿ’ ವರದಿಯಲ್ಲಿ ದಾಖಲಾಗುತ್ತದೆ. ಸ್ವಲ್ಪ ದಿನದಲ್ಲೇ ಇಂಥವು ಸಾಲುಗಟ್ಟಿದರೆ ಸ್ಕೋರು ಇಳಿಯಬಹುದು. ಹಾಗಾಗಿ ನಾಲ್ಕಾರು ಕಡೆ ವಿಚಾರಿಸಿ, ಎರಡೇ ಕಡೆ ಅರ್ಜಿ ಕೊಡಿ.

ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಒಂದಂಕವೂ ಇಳಿಯುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು.

ಅಮೆರಿಕದಲ್ಲಿ 45 ದಿನದೊಳಗೆ ಎಷ್ಟು ಕಡೆ ಗೃಹಸಾಲ ಕೇಳಿದರೂ ಒಂದೇ ಎನ್‌ಕ್ವೈರಿ ಎಂದು ಲೆಕ್ಕ ಹಿಡಿಯುತ್ತಾರೆ. ಅಲ್ಲಿರುವ ನೆಂಟರು “ಐದಾರು ಕಡೆ ಹಾಕು” ಎಂದರೆ ಅದು ಅಲ್ಲಿನ ಲೆಕ್ಕ. ಅದನ್ನು ನಂಬಿ ಇಲ್ಲಿ ಅರ್ಜಿ ಹಂಚಬೇಡಿ.

“ಸಾರ್, ಇಲ್ಲೊಂದು ಸೈನ್ ಮಾಡಿ, ಎಲ್ಲಾ ಬ್ಯಾಂಕಿಗೂ ಫೈಲ್ ಹಾಕಿಬಿಡ್ತೀನಿ” ಎನ್ನುವ ಏಜೆಂಟರ ಬಳಿ ಕಟ್ಟುನಿಟ್ಟಾಗಿರಿ. ಪ್ಯಾನ್, ಆಧಾರ್ ಜೆರಾಕ್ಸಿನ ಮೇಲೆ ‘ಇಂಥ ಬ್ಯಾಂಕಿನ ಗೃಹಸಾಲಕ್ಕೆ ಮಾತ್ರ’ ಎಂದು ಅಡ್ಡಲಾಗಿ ಬರೆದು, ತಾರೀಕು ಹಾಕಿ ಸಹಿ ಮಾಡಿ. ಯಾರೇ ನಿಮ್ಮ ವರದಿ ತೆಗೆದರೂ ನಿಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜನ್ನು ಓದದೆ ಅಳಿಸಬೇಡಿ.

ಪ್ರೊಸೆಸಿಂಗ್ ಫೀ ಕಟ್ಟಿದ ಮೇಲೆ ಸಾಲ ಬೇಡವೆಂದರೂ ಬಹಳಷ್ಟು ಕಡೆ ಹಣ ವಾಪಸ್ ಬರುವುದಿಲ್ಲ. ಕಟ್ಟುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪ್ರತಿ ಬ್ಯಾಂಕೂ ಮೂಲಪತ್ರ, ಇಸಿ, ಖಾತೆ ಎಲ್ಲವನ್ನೂ ತನ್ನದೇ ವಕೀಲರಿಗೆ ತೋರಿಸುತ್ತದೆ. ಎರಡು ಕಡೆ ಅರ್ಜಿ ಹಾಕುವುದರ ದೊಡ್ಡ ಲಾಭ ನನ್ನ ಮಟ್ಟಿಗೆ ಇದೇ. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರಿಗೆ ಕಾಣಬಹುದು: ವಿಭಾಗಪತ್ರದಲ್ಲಿ ಸಹಿ ಮಾಡದ ತಂಗಿ, ತೀರಿಸಿಯೂ ಇಸಿಯಿಂದ ಇಳಿಯದ ಹಳೇ ಅಡಮಾನ. ದಾಖಲೆ ಸರಿಯಿಲ್ಲವೆಂದು ಒಂದು ಬ್ಯಾಂಕು ಸಾಲ ನಿರಾಕರಿಸಿದರೆ ಇನ್ನೊಂದಕ್ಕೆ ಓಡಬೇಡಿ, ಮೊದಲು ಕಾರಣ ತಿಳಿಯಿರಿ. ಅಂಥ ಮನೆಗೆ ಬೇರೆಲ್ಲೋ ಸಾಲ ಸಿಕ್ಕರೂ ಕೊಂಡವರ ತಲೆನೋವು ಹೋಗುವುದಿಲ್ಲ.

ಎರಡು ಮಂಜೂರಾತಿ ಪತ್ರ ಕೈಯಲ್ಲಿದ್ದರೆ ತಪ್ಪಲ್ಲ. ಒಬ್ಬರಿಗೆ ತಿಳಿಸದೆ ಇನ್ನೊಬ್ಬರಲ್ಲಿ ಅದೇ ಮನೆ ಅಡವಿಡುವುದು ವಂಚನೆ. 2011ರಿಂದ ‘ಸರ್ಸಾಯ್’ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಅಡಮಾನಗಳು ದಾಖಲಾಗುತ್ತಿವೆ.

2024ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಕ್ಕೆ ‘ಕೆಎಫ್‌ಎಸ್’ ಎಂಬ ವಿವರಪತ್ರ ಕಡ್ಡಾಯ. ಬಡ್ಡಿಯ ಜೊತೆ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ‘ಎಪಿಆರ್’, ಅದರಲ್ಲಿರುತ್ತದೆ. ಅದನ್ನು ಓದಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಎರಡೂ ಬ್ಯಾಂಕಿನ ಪತ್ರ ಪಕ್ಕಪಕ್ಕ ಇಟ್ಟು, ಜಾಹೀರಾತಿನ ಬಡ್ಡಿಯನ್ನಲ್ಲ, ಎಪಿಆರ್ ಹೋಲಿಸಿ.

ಆಮೇಲೆ ಬೇರೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿ ಕಂಡರೆ ಸಾಲವನ್ನು ಅಲ್ಲಿಗೆ ಒಯ್ಯಬಹುದು. ವ್ಯಕ್ತಿಗಳು ಫ್ಲೋಟಿಂಗ್ ದರದಲ್ಲಿ ಪಡೆದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆ ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು.